ಕೇಳದೆ ಕೇಳಿಸಿದ್ದು

ಹೋದ ತಿಂಗಳು ಮನೆಗೆ ಒಂದು ಚಪ್ಪಟೆ ಪೊಟ್ಟಣ ಬಂತು. ಅಡಿಯುದ್ದ, ಅಡಿಯಗಲ. ತಂದುಕೊಟ್ಟ ಹುಡುಗ ‘ಫೋಟೋ ಫ್ರೇಮಾ ಸಾರ್?’ ಅಂದ. ‘ಅಲ್ಲಪ್ಪ, ಗ್ರಾಮಫೋನ್ ತಟ್ಟೆ’ ಅಂದೆ. ‘ಈಗಲೂ ಮಾಡ್ತಾರಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಾಡಿ ಹತ್ತಿದ. ಈಗಲೂ ಮಾಡುತ್ತಾರೆ. ಹಳೆಯ ಹಾಡುಗಳನ್ನು ಹೊಸ ವಿನೈಲ್ ತಟ್ಟೆಗಳ ಮೇಲೆ ಒತ್ತಿ, ಹಳೆಯ ಕವರಿನ ಚಿತ್ರವನ್ನೇ ಹೊದಿಸಿ, ಕೈ ಸುಡುವ ಬೆಲೆಗೆ ಮಾರುತ್ತಾರೆ. ಫೋನಿನಲ್ಲಿ ಬಿಟ್ಟಿಯಾಗಿ ಸಿಗುವ ಹಾಡಿಗೆ ನನ್ನಂಥವರು ದುಡ್ಡು ಕೊಟ್ಟು ತರಿಸಿಕೊಳ್ಳುತ್ತೇವೆ. ಯಾಕೆ ಎಂದು ಹೆಂಡತಿ ಎರಡು ಮೂರು ಸಲ ಕೇಳಿದ್ದಾಳೆ. ಅವಳು ಒಪ್ಪುವಂಥ ಉತ್ತರ ಇನ್ನೂ ಸಿಕ್ಕಿಲ್ಲ.

ಪೊಟ್ಟಣದಲ್ಲಿದ್ದದ್ದು ಪಾಲ್ ಸೈಮನ್ ಮತ್ತು ಆರ್ಟ್ ಗಾರ್ಫಂಕಲ್ ಜೋಡಿಯ ‘ಸೌಂಡ್ಸ್ ಆಫ್ ಸೈಲೆನ್ಸ್’. 1966ರ ಜನವರಿಯಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಹೊರತಂದ ಎಲ್‌ಪಿಯ ಮರುಮುದ್ರಣ. ಒಟ್ಟು 11 ತುಣುಕುಗಳು. ಎರಡೂ ಮಗ್ಗುಲು ಸೇರಿದರೂ ಅರ್ಧ ಗಂಟೆ ತುಂಬುವುದಿಲ್ಲ. ಕವರಿನ ಮೇಲೆ ಮಣ್ಣು ದಾರಿಯಲ್ಲಿ ನಡೆದು ಹೋಗುತ್ತಿರುವ ಇಬ್ಬರು ಹುಡುಗರು, ಯಾರೋ ಹಿಂದಿನಿಂದ ಕರೆದರೇನೋ ಎಂಬಂತೆ ಹೆಗಲ ಮೇಲಿಂದ ತಿರುಗಿ ನೋಡುತ್ತಿದ್ದಾರೆ. ಗಿಟಾರು ಹಿಡಿದು ಸರಳವಾಗಿ ಹಾಡುವ ಜನಪದ ಶೈಲಿಗೆ ವಿದ್ಯುತ್ ಗಿಟಾರೂ ಡ್ರಮ್ಮೂ ಕೂಡಿಕೊಂಡ ‘ಫೋಕ್ ರಾಕ್’ ಎಂಬ ಪ್ರಕಾರದ ಮಾತು ಬಂದಾಗೆಲ್ಲ ಹೆಸರಿಸುವ ತಟ್ಟೆಗಳಲ್ಲಿ ಇದೂ ಒಂದು.

ಈ ಹಾಡುಗಳನ್ನು ನಾನು ಮೊದಲು ಕೇಳಿದ್ದು 1990ರ ದಶಕದಲ್ಲಿ, ಹಾಸ್ಟೆಲಿನಲ್ಲಿ. ಪಕ್ಕದ ಕೋಣೆಯವನಿಗೆ ಅವನ ಅಣ್ಣ ಬೆಂಗಳೂರಿನಲ್ಲಿ ತುಂಬಿಸಿ ಕೊಟ್ಟಿದ್ದ ಕ್ಯಾಸೆಟ್ ಅದು. ಇಂಗ್ಲಿಷ್ ಹಾಡಿನ ಮಾತು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ, ಆದರೂ ದಿನಾ ರಾತ್ರಿ ಬೇಕಾಗುತ್ತಿತ್ತು. ಮೊದಲನೆಯ ಹಾಡಿನಲ್ಲಿ ಒಂದು ಕಡೆ ತಾಳ ಎಳೆದಂತಾಗುತ್ತಿತ್ತು. ಯಾರೋ ನಡೆಯುತ್ತ ನಡೆಯುತ್ತ ಕಾಲು ತಡೆದು, ಮತ್ತೆ ಸರಿಮಾಡಿಕೊಂಡು ಮುಂದೆ ಹೋದ ಹಾಗೆ. ನಾವು ಅದನ್ನು ಟೇಪಿನ ದೋಷ ಎಂದುಕೊಂಡಿದ್ದೆವು. ಕ್ಯಾಸೆಟ್ ಹೊರಗೆ ತೆಗೆದು, ಹಲ್ಲಿನ ಗಾಲಿಗೆ ಪೆನ್ಸಿಲ್ ತೂರಿಸಿ, ಬಿಗಿಯಾಗಿ ಸುತ್ತಿ ಮತ್ತೆ ಹಾಕುತ್ತಿದ್ದೆವು. ಮತ್ತೆ ಅಲ್ಲೇ ಎಳೆಯುತ್ತಿತ್ತು. ‘ಕಂಪನಿ ಕ್ಯಾಸೆಟ್ ಆಗಿದ್ದರೆ ಹೀಗಾಗ್ತಿರಲಿಲ್ಲ’ ಎಂದು ಆ ಅಣ್ಣನನ್ನು ಬೈದುಕೊಂಡದ್ದೂ ಉಂಟು.

ಈಗ ಹೊಸ ತಟ್ಟೆಯ ಮೇಲೆ ಸೂಜಿ ಇಳಿಸಿದೆ. ಗೀರಿಲ್ಲ, ಧೂಳಿಲ್ಲ. ಒಂದು ಗಿಟಾರು, ಎರಡು ದನಿ. ಮೊದಲ ಚರಣ ಮುಗಿಯುತ್ತಲೇ ಡ್ರಮ್ಮು ಒಳಗೆ ಬರುತ್ತದೆ, ಹಾಡಿಗೆ ಕಾಲು ಮೂಡಿದ ಹಾಗೆ. ಸ್ವಲ್ಪ ಹೊತ್ತಿಗೆ ಅದೇ ತಡವರಿಕೆ. ಮೂವತ್ತು ವರ್ಷ ಆ ಬಡ ಕ್ಯಾಸೆಟ್ಟಿನ ಮೇಲೆ ಹೊರಿಸಿದ್ದ ದೋಷ ಕ್ಯಾಸೆಟ್ಟಿನದಾಗಿರಲಿಲ್ಲ.

ಅದು ಎಲ್ಲಿಂದ ಬಂತು ಎಂಬುದು ಪಾಶ್ಚಾತ್ಯ ಸಂಗೀತದ ಚರಿತ್ರೆ ಓದಿದವರಿಗೆ ಗೊತ್ತಿರುವ ಕಥೆ. 1964ರಲ್ಲಿ ಈ ಜೋಡಿ ತಮ್ಮ ಮೊದಲ ಎಲ್‌ಪಿ ‘ವೆನ್ಸ್‌ಡೇ ಮಾರ್ನಿಂಗ್, 3 ಎ.ಎಮ್.’ ಹೊರತಂದರು. ಅದರಲ್ಲಿ ಈ ಹಾಡು ಬರಿಯ ಕಂಠ ಮತ್ತು ಮರದ ಗಿಟಾರಿನೊಂದಿಗೆ ಇತ್ತು. ತಟ್ಟೆ ಮಾರಾಟವಾಗಲಿಲ್ಲ. ಜೋಡಿ ಹೆಚ್ಚುಕಡಿಮೆ ಬೇರೆಯಾಯಿತು. ಗಾರ್ಫಂಕಲ್ ನ್ಯೂಯಾರ್ಕಿನಲ್ಲಿ ಓದು ಮುಂದುವರಿಸಿದ. ಸೈಮನ್ ಇಂಗ್ಲೆಂಡಿಗೆ ಹೋಗಿ ಊರೂರಿನ ಸಣ್ಣ ಕ್ಲಬ್ಬುಗಳಲ್ಲಿ ಒಬ್ಬನೇ ಹಾಡಿಕೊಂಡಿದ್ದ. ಇತ್ತ 1965ರಲ್ಲಿ ಬಾಸ್ಟನ್, ಫ್ಲೋರಿಡಾ ಕಡೆಯ ರೇಡಿಯೋದಲ್ಲಿ ಕಾಲೇಜು ಹುಡುಗರು ಈ ಒಂದು ಹಾಡನ್ನು ಕೇಳತೊಡಗಿದ್ದರು. ಅದೇ ಜೂನ್‌ನಲ್ಲಿ ಬರ್ಡ್ಸ್ ತಂಡ ಬಾಬ್ ಡಿಲನ್‌ನ ‘ಮಿಸ್ಟರ್ ಟ್ಯಾಂಬುರಿನ್ ಮ್ಯಾನ್’ ಹಾಡನ್ನು ವಿದ್ಯುತ್ ಗಿಟಾರಿನಲ್ಲಿ ಹಾಡಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೆ ಒಯ್ದಿತ್ತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಕೊಲಂಬಿಯಾದ ಪ್ರೊಡ್ಯೂಸರ್ ಟಾಮ್ ವಿಲ್ಸನ್‌ಗೆ ತಿಳಿಯಿತು. ಮೊದಲ ತಟ್ಟೆಯನ್ನು ಮಾಡಿದವನೂ ಆತನೇ. ಆ ಬೇಸಿಗೆಯಲ್ಲಿ ಆತ ಹಳೆಯ ಟೇಪನ್ನು ಹೊರತೆಗೆದ. ಅಲ್ ಗೊರ್ಗೋನಿ, ವಿನ್ನಿ ಬೆಲ್, ಡ್ರಮ್ಮಿನ ಬಾಬಿ ಗ್ರೆಗ್ ಮೊದಲಾದ ಸ್ಟುಡಿಯೋ ವಾದಕರನ್ನು ಕೂರಿಸಿ, ಟೇಪಿನಲ್ಲಿದ್ದ ದನಿಗಳ ಮೇಲೆ ವಿದ್ಯುತ್ ಗಿಟಾರು, ಬೇಸ್, ಡ್ರಮ್ಮು ನುಡಿಸಿ ಸೇರಿಸಿಬಿಟ್ಟ. ಹಾಡಿದ ಇಬ್ಬರನ್ನೂ ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಆ ಹಾಡು 1966ರ ಜನವರಿ 1ರ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಸೈಮನ್ ಅಮೆರಿಕಕ್ಕೆ ವಾಪಸ್ ಬಂದ. ಹಾಡಿನ ಬಿಸಿ ಆರುವ ಮೊದಲು ಒಂದು ಎಲ್‌ಪಿ ಬೇಕು ಎಂದು ಅವಸರದಲ್ಲಿ ಉಳಿದ ಹಾಡುಗಳನ್ನು ಮಾಡಿದರು. ಅದೇ ಈಗ ನನ್ನ ಟರ್ನ್‌ಟೇಬಲ್ ಮೇಲೆ ತಿರುಗುತ್ತಿರುವುದು. ಲಂಡನ್ನಿನಲ್ಲಿ ಸೈಮನ್ ಜೊತೆ ಒಂದೇ ಕಡೆ ವಾಸವಿದ್ದ ಗಾಯಕ ಅಲ್ ಸ್ಟುವರ್ಟ್ ಮುಂದೆ ನೆನಪಿಸಿಕೊಂಡ ಪ್ರಕಾರ, ಹೊಸ ರೂಪವನ್ನು ಮೊದಲು ಕೇಳಿದಾಗ ಸೈಮನ್ ಕಂಗೆಟ್ಟು ಹೋದನಂತೆ. ಅದರಲ್ಲೂ ಒಂದು ಜಾಗ ಅವನಿಗೆ ಸಹಿಸಲಾಗಲಿಲ್ಲ: ದನಿಗಳು ತಮ್ಮನ್ನು ಕೂಡಿಕೊಳ್ಳಲಿ ಎಂದು ವಾದ್ಯದವರು ತಾಳ ನಿಧಾನಿಸಿದ ಜಾಗ.

ನಮ್ಮ ಪೆನ್ಸಿಲ್ಲಿಗೆ ಬಗ್ಗದ ಜಾಗ ಅದು. 1964ರಲ್ಲಿ ಇಬ್ಬರೂ ಯಾವ ತಾಳವಾದ್ಯವೂ ಇಲ್ಲದೆ, ತಮ್ಮಿಬ್ಬರ ಉಸಿರಿನ ಲಯದಲ್ಲಿ ಹಾಡಿದ್ದರು. ಎಲ್ಲೋ ಕೂದಲೆಳೆಯಷ್ಟು ಹಿಗ್ಗುವುದು, ಎಲ್ಲೋ ಕುಗ್ಗುವುದು. ಡ್ರಮ್ಮು ಇಲ್ಲದಾಗ ಅದು ತಪ್ಪಲ್ಲ, ಅದೇ ಹಾಡಿನ ಜೀವ. ಅದಕ್ಕೆ ಲೆಕ್ಕದ ತಾಳ ಕೂಡಿಸಹೋದರೆ ಎಲ್ಲಾದರೂ ಒಂದು ಕಡೆ ಎಡವಲೇಬೇಕು. ನಮ್ಮ ಕಛೇರಿಗಳಲ್ಲಿ ಪಕ್ಕವಾದ್ಯದವರನ್ನು ಗಮನಿಸಿ. ಮೃದಂಗದವರು ಅರೆಗಣ್ಣಿನಲ್ಲಿ ಹಾಡುಗಾರರ ಮುಖವನ್ನೇ ನೋಡುತ್ತಿರುತ್ತಾರೆ. ಹಾಡುಗಾರರು ಎಳೆದರೆ ಇವರು ಕಾಯುತ್ತಾರೆ; ಇವರು ಒಂದು ಪೆಟ್ಟು ಹೆಚ್ಚು ಹಾಕಿದರೆ ಅವರು ತಲೆದೂಗಿ ಜಾಗ ಬಿಡುತ್ತಾರೆ. ಬಾಬಿ ಗ್ರೆಗ್ ಎದುರಿಗೆ ಮುಖಗಳಿರಲಿಲ್ಲ. ಅವನು ಪರಿಣತ, ಡಿಲನ್ ಜೊತೆ ನುಡಿಸಿದವನು, ಟೇಪಿನ ದನಿಗಳನ್ನು ಬಹಳ ಎಚ್ಚರದಿಂದಲೇ ಕೇಳಿಸಿಕೊಂಡಿರಬೇಕು. ಆದರೆ ದನಿಗಳು ಅವನನ್ನು ಕೇಳಿಸಿಕೊಳ್ಳುವಂತಿರಲಿಲ್ಲ.

ಕೇಳು ಎಂಬ ನಮ್ಮ ಕ್ರಿಯಾಪದದಲ್ಲಿ ಆಲಿಸುವುದೂ ಇದೆ, ವಿಚಾರಿಸುವುದೂ ಇದೆ, ಅಪ್ಪಣೆ ಬೇಡುವುದೂ ಇದೆ. ದಿನಬಳಕೆಯಲ್ಲಿ ಗೊಂದಲವಾಗುವುದಿಲ್ಲವಾದ್ದರಿಂದ ನಾವು ಇದನ್ನು ಗಮನಿಸುವುದಿಲ್ಲ. ‘ಅವನು ನನ್ನ ಮಾತು ಕೇಳಲಿಲ್ಲ’, ‘ಅವನು ನನ್ನನ್ನು ಒಂದು ಮಾತೂ ಕೇಳಲಿಲ್ಲ’ ಎಂಬ ಎರಡು ದೂರುಗಳು ಒಂದೇ ಜಗಳದಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ವಿಲ್ಸನ್ ಆಲಿಸಿದ್ದ, ಅದರಲ್ಲಿ ಅನುಮಾನವಿಲ್ಲ. ಯಾರೂ ಕೊಳ್ಳದ ಒಂದು ತಟ್ಟೆಯಲ್ಲಿ ಅಡಗಿದ್ದ ಇನ್ನೊಂದು ಹಾಡು ಅವನಿಗೆ ಮಾತ್ರ ಕೇಳಿಸಿತು. ಹಾಗೆ ಕೇಳಬಲ್ಲವನಿಗೆ ಕೇಳುವ ಇನ್ನೊಂದು ಕೆಲಸ ಮಾಫಿಯೆ?

ಇದು ನನಗೆ ಬರಿಯ ಚರಿತ್ರೆಯ ಪ್ರಶ್ನೆಯಲ್ಲ. ಅದೇ ಹಾಸ್ಟೆಲಿನ ಕಾಲದಲ್ಲಿ ನಾನು ಕಾಲೇಜಿನ ವಾರ್ಷಿಕ ಸಂಚಿಕೆಗೆ ವಿದ್ಯಾರ್ಥಿ ಸಂಪಾದಕನಾಗಿದ್ದೆ. ನಮ್ಮ ತರಗತಿಯ ಹುಡುಗಿಯೊಬ್ಬಳು ಒಂದು ಪದ್ಯ ಕೊಟ್ಟಳು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಗಳಿಗಾಗಿ ಕಾಯುವ ಅಪ್ಪನ ಕುರಿತದ್ದು. ಕಡಲೆಕಾಯಿ ಸಿಪ್ಪೆ, ನಿಂತ ಗಡಿಯಾರ, ಅಪ್ಪನ ಚಪ್ಪಲಿಯ ಸವೆದ ಹಿಮ್ಮಡಿ, ಎಲ್ಲ ಬಂದು, ಬಸ್ಸು ಬಂತು ಎಂಬಲ್ಲಿಗೆ ಪದ್ಯ ತಟ್ಟನೆ ನಿಲ್ಲುತ್ತಿತ್ತು. ಅದು ಮುಗಿದಂತೆ ನನಗೆ ಅನ್ನಿಸಲಿಲ್ಲ. ರಾತ್ರಿ ಕೂತು, ಕಾಯುವುದರ ಬಗ್ಗೆ ನಾಲ್ಕು ಸಾಲು ಬರೆದು ಕೆಳಗೆ ಸೇರಿಸಿದೆ. ಪ್ರೆಸ್ಸಿಗೆ ಕೊಡುವ ಅವಸರ ಇತ್ತು. ಮರುದಿನ ತರಗತಿಯಲ್ಲಿ ಆಕೆ ನನಗಿಂತ ಎರಡು ಬೆಂಚು ಮುಂದೆ ಕೂತಿದ್ದಳು ಎಂಬುದೂ ನಿಜ.

ಪದ್ಯಕ್ಕೆ ಅಂತರಕಾಲೇಜು ಬಹುಮಾನ ಬಂತು. ತೀರ್ಪುಗಾರರು ವೇದಿಕೆಯ ಮೇಲೆ ಕೊನೆಯ ನಾಲ್ಕು ಸಾಲುಗಳನ್ನೇ ಎತ್ತಿ ಓದಿದರು. ಆಕೆ ಹೋಗಿ ಬಹುಮಾನ ತೆಗೆದುಕೊಂಡಳು, ಕೆಳಗೆ ಬಂದಳು, ನನ್ನ ಹತ್ತಿರ ನಿಂತು, ‘ಚೆನ್ನಾಗಿತ್ತು. ನಂದು ಬಸ್ಸು ಬಂದಲ್ಲಿಗೆ ಮುಗಿದಿತ್ತು’ ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಮುಂದಿನ ವರ್ಷ ಸಂಚಿಕೆಗೆ ಏನೂ ಕೊಡಲಿಲ್ಲ.

ಆಗ ನಾನು ನನ್ನ ಪರವಾಗಿ ಹೂಡಿದ ವಾದಗಳನ್ನೇ ವಿಲ್ಸನ್ ಪರವಾಗಿಯೂ ಹೂಡಬಹುದು. ಮೊದಲನೆಯದು, ಫಲ ನೋಡಿ ಎಂಬುದು. ವಿಲ್ಸನ್ ಕೈ ಹಾಕದಿದ್ದರೆ ಆ ಹಾಡು ಒಂದು ಸತ್ತ ತಟ್ಟೆಯಲ್ಲಿ ಉಳಿಯುತ್ತಿತ್ತು, ಜೋಡಿ ಮತ್ತೆ ಕೂಡುತ್ತಿತ್ತೋ ಇಲ್ಲವೋ, 1967ರ ‘ದ ಗ್ರಾಜುಯೇಟ್’ ಚಿತ್ರದಲ್ಲಿ ಆ ಹಾಡು ಬರುತ್ತಿರಲಿಲ್ಲ, ಹಾಸ್ಟೆಲಿನ ನನ್ನ ಕೋಣೆಯವರೆಗಂತೂ ಬರುತ್ತಲೇ ಇರಲಿಲ್ಲ. ಇದು ಬಲವಾದ ವಾದ. ನನಗೆ ಬಲವಾಗಿ ತೋರಲು ಕಾರಣ ಏನೆಂದರೆ, ಆ ತಪ್ಪಿನ ಲಾಭ ಪಡೆದವರಲ್ಲಿ ನಾನೂ ಒಬ್ಬ. ಕದ್ದ ಮಾವಿನಹಣ್ಣು ಹಂಚಿಕೊಂಡು ತಿಂದವರನ್ನೇ ಪಂಚಾಯಿತಿಗೆ ಕೂರಿಸಿದ ಹಾಗೆ.

ಹಾಡು ಬಿದ್ದುಹೋಗಿದ್ದರೆ? ಅದೇ ಟೇಪು, ಅದೇ ಡ್ರಮ್ಮು, ಅದೇ ಉದ್ದೇಶ. ಆದರೆ ರೇಡಿಯೋದವರು ತಿರುಗಿಯೂ ನೋಡಲಿಲ್ಲ ಎಂದಿಟ್ಟುಕೊಳ್ಳಿ. ಆಗ ವಿಲ್ಸನ್, ಇಬ್ಬರು ಹುಡುಗರ ನವಿರಾದ ಹಾಡನ್ನು ಮಾರುಕಟ್ಟೆಗಾಗಿ ಹಾಳುಗೆಡವಿದ ಕಂಪನಿ ನೌಕರ ಎನಿಸಿಕೊಳ್ಳುತ್ತಿದ್ದ. ಮಾಡಿದ ಕೆಲಸ ಎರಡರಲ್ಲೂ ಒಂದೇ. ಇಂಗ್ಲಿಷ್ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಇಂಥ ಸಂಕಟಕ್ಕೆ ‘ನೈತಿಕ ಅದೃಷ್ಟ’ ಎಂಬ ಹೆಸರು ಕೊಟ್ಟ. ಸಂಸಾರ ಬಿಟ್ಟು ಟಹೀಟಿಗೆ ಹೊರಟ ಚಿತ್ರಕಾರ ಗೋಗಾನ್ ಅವನ ಉದಾಹರಣೆ. ಗೋಗಾನ್ ಗೆದ್ದು ಮಹಾ ಕಲಾವಿದನಾದದ್ದರಿಂದ ನಾವು ಅವನ ಆಯ್ಕೆಯನ್ನು ಒಂದು ಬಗೆಯಲ್ಲಿ ನೋಡುತ್ತೇವೆ, ಸೋತಿದ್ದರೆ ಇನ್ನೊಂದು ಬಗೆಯಲ್ಲಿ ನೋಡುತ್ತಿದ್ದೆವು. ಹೊರಡುವ ದಿನ ಅವನಿಗೆ ಗೆಲುವು ಸೋಲು ಗೊತ್ತಿರಲಿಲ್ಲ. ವಿಲಿಯಮ್ಸ್ ಇದನ್ನು ಬಿಡಿಸಿ ಕೈಗೆ ಕೊಡುವುದಿಲ್ಲ, ಗಂಟು ಎಲ್ಲಿದೆ ಎಂದು ತೋರಿಸುತ್ತಾನೆ. ನನಗೆ ತೋರುವ ಒಂದು ವ್ಯತ್ಯಾಸ ಇಷ್ಟು. ಗೋಗಾನ್ ಇತರರಿಗೆ ನೋವು ಕೊಟ್ಟರೂ, ಜೂಜಿಗಿಟ್ಟದ್ದು ತನ್ನ ಹೆಸರನ್ನು. ವಿಲ್ಸನ್ ಇಟ್ಟದ್ದು ಬೇರೆಯವರ ಹೆಸರನ್ನು. ತಟ್ಟೆಯ ಮೇಲೆ ಸೈಮನ್ ಮತ್ತು ಗಾರ್ಫಂಕಲ್ ಎಂದೇ ಬರೆದಿತ್ತು. ನನ್ನ ನಾಲ್ಕು ಸಾಲುಗಳ ಕೆಳಗೂ ಆಕೆಯ ಹೆಸರೇ ಇತ್ತು.

ಎರಡನೆಯ ವಾದ ಹಕ್ಕಿನದು. ಟೇಪು ಕಂಪನಿಯ ಸ್ವತ್ತು, ಹಾಡಿದವರು ಕರಾರಿಗೆ ಸಹಿ ಹಾಕಿದವರು. ನ್ಯಾಯಾಲಯದಲ್ಲಿ ವಿಲ್ಸನ್ ಗೆಲ್ಲುತ್ತಿದ್ದನೇನೋ. ಆದರೆ ಹಕ್ಕಿದ್ದವನು ಕೇಳಬೇಕಾಗಿಲ್ಲ ಎಂಬುದು ವಿಚಿತ್ರವಾದ ಮಾತು. ಮನೆ ನಮ್ಮದೇ ಆದರೂ ಬಾಡಿಗೆಯವರ ಕದ ತಟ್ಟಿಯೇ ಒಳಗೆ ಹೋಗುತ್ತೇವೆ. ಹಕ್ಕಿಲ್ಲದವನು ಕೇಳುವುದು ಅನಿವಾರ್ಯ, ಬೇರೆ ದಾರಿಯಿಲ್ಲ. ಹಕ್ಕಿದ್ದೂ ಕೇಳುವವನಲ್ಲಿ ಮಾತ್ರ ಎದುರಿನ ಮನುಷ್ಯನಿಗೆ ಬೆಲೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಮೂರನೆಯದು ನಯವಾದ ವಾದ: ಮುಂದೆ ಅವರೇ ಒಪ್ಪಿಕೊಂಡರಲ್ಲ! ಹೌದು, ಸೈಮನ್ ವಾಪಸ್ ಬಂದ, ಆ ಹೊಸ ರೂಪದ ಹೆಸರಿನಲ್ಲೇ ಎಲ್‌ಪಿ ಮಾಡಿದ, ಬಾಳಿನುದ್ದಕ್ಕೂ ಆ ಹಾಡು ಹಾಡಿದ. ಆದರೆ ಗೆದ್ದ ಮೇಲೆ ಸಿಕ್ಕ ಒಪ್ಪಿಗೆ ಎಂಥದು? ಮೊದಲ ಸ್ಥಾನಕ್ಕೇರಿದ ಹಾಡನ್ನು ‘ಇದು ನನ್ನದಲ್ಲ, ಹಿಂತೆಗೆದುಕೊಳ್ಳಿ’ ಎನ್ನಲು ಇಪ್ಪತ್ನಾಲ್ಕು ವರ್ಷದ ಹುಡುಗನಿಗೆ ಸಾಧ್ಯವಿತ್ತೆ? ಬೇಡ ಎನ್ನಲು ಎಡೆಯಿದ್ದಾಗ ಹೇಳಿದ ಹೂಂ ಬೇರೆ, ಎಲ್ಲ ಮುಗಿದ ಮೇಲೆ ನಗುತ್ತ ವೇದಿಕೆ ಹತ್ತುವುದು ಬೇರೆ. ನನ್ನ ಸಹಪಾಠಿಯೂ ಬಹುಮಾನವನ್ನು ಬೇಡ ಎನ್ನಲಿಲ್ಲ. ಅದನ್ನು ನಾನು ಬಹಳ ವರ್ಷ ಅವಳ ಒಪ್ಪಿಗೆ ಎಂದೇ ಲೆಕ್ಕ ಹಾಕಿಕೊಂಡಿದ್ದೆ.

ಇಷ್ಟು ಹೇಳಿದ ಮೇಲೆ, ನನ್ನ ತೀರ್ಪು ವಿಲ್ಸನ್ ವಿರುದ್ಧ ಎಂದು ನೀವು ಊಹಿಸಿರಬಹುದು. ಹೌದು, ಅವನು ಕೇಳಬೇಕಿತ್ತು. ಲಂಡನ್ನಿಗೆ ಒಂದು ಕಾಗದ ಹಾಕಬಹುದಿತ್ತು, ಗಾರ್ಫಂಕಲ್ ಅಂತೂ ಅದೇ ಊರಿನಲ್ಲಿದ್ದ. ಆದರೂ ಈ ಮನುಷ್ಯನನ್ನು ಬರಿಯ ಖಳನನ್ನಾಗಿ ಮಾಡಲು ಮನಸ್ಸೊಪ್ಪುವುದಿಲ್ಲ. ಟೆಕ್ಸಾಸ್‌ನ ವೇಕೊದಲ್ಲಿ 1931ರಲ್ಲಿ ಹುಟ್ಟಿದ ಕಪ್ಪು ಮನುಷ್ಯ, ಹಾರ್ವರ್ಡ್‌ನಲ್ಲಿ ಓದಿದವನು, ಸನ್ ರಾ, ಸೆಸಿಲ್ ಟೇಲರ್ ಅವರಂಥ ಜಾಝ್ ಕಲಾವಿದರ ತಟ್ಟೆಗಳನ್ನು ಅವರಿಗೆ ಹೆಸರು ಬರುವ ಮೊದಲೇ ಹೊರತಂದವನು. ಡಿಲನ್‌ನ ‘ಲೈಕ್ ಎ ರೋಲಿಂಗ್ ಸ್ಟೋನ್’ ಹಾಡಿನ ಪ್ರೊಡ್ಯೂಸರ್ ಇವನೇ. ಮುಂದೆ ಫ್ರ್ಯಾಂಕ್ ಜಪ್ಪಾ, ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ಜೊತೆಗೂ ಕೆಲಸ ಮಾಡಿದ. ‘ಸೌಂಡ್ಸ್ ಆಫ್ ಸೈಲೆನ್ಸ್’ ಎಲ್‌ಪಿ ತಯಾರಾಗುವ ಹೊತ್ತಿಗೆ ಅವನು ಕೊಲಂಬಿಯಾ ಬಿಟ್ಟಿದ್ದ; ಉಳಿದ ಹಾಡುಗಳನ್ನು ಮಾಡಿಸಿದ್ದು ಬಾಬ್ ಜಾನ್‌ಸ್ಟನ್. 1978ರಲ್ಲಿ, 47ನೇ ವಯಸ್ಸಿಗೆ, ವಿಲ್ಸನ್ ತೀರಿಕೊಂಡ. ಅರವತ್ತರ ದಶಕದ ಸಂಗೀತ ಮೆಚ್ಚುವ ಹತ್ತು ಜನರಲ್ಲಿ ಅವನ ಹೆಸರು ಎಷ್ಟು ಜನರಿಗೆ ಗೊತ್ತೋ! ಆ ಮೂರು ನಿಮಿಷ ಚಿಲ್ಲರೆ ಹಾಡಿನಲ್ಲಿ ಅವನ ಪಾಲು ಸಣ್ಣದಲ್ಲ. ಬೇರೆಯವರ ಕೃತಿಯಲ್ಲಿ ಕೇಳದೆ ಕೈಯಾಡಿಸಿದವನ ಕೈಗುರುತನ್ನು ಮರೆಯುವುದೂ ಒಂದು ಬಗೆಯ ಕೇಳದಿರುವಿಕೆ.

ತಟ್ಟೆ ಮಗುಚಿ ಹಾಕಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಎರಡನೆಯ ಮಗ್ಗುಲಿನ ‘ರಿಚರ್ಡ್ ಕೋರಿ’ ಅಮೆರಿಕದ ಕವಿ ಎಡ್ವಿನ್ ಆರ್ಲಿಂಗ್ಟನ್ ರಾಬಿನ್ಸನ್‌ನ 1897ರ ಪದ್ಯದಿಂದ ಹುಟ್ಟಿದ್ದು. ಸೈಮನ್ ಆ ಪದ್ಯವನ್ನು ತಿರುಗಿಸಿ, ಮರುಕಳಿಸುವ ಪಲ್ಲವಿಯೊಂದನ್ನು ಕೂಡಿಸಿ, ಕಾರ್ಖಾನೆಯ ಕೂಲಿಯೊಬ್ಬನ ಬಾಯಲ್ಲಿ ಹಾಡಿಸಿದ. ರಾಬಿನ್ಸನ್ 1935ರಲ್ಲೇ ಸತ್ತಿದ್ದ, ಕೇಳುವುದು ಯಾರನ್ನು? ‘ಎ ಮೋಸ್ಟ್ ಪಿಕ್ಯೂಲಿಯರ್ ಮ್ಯಾನ್’ ಎಂಬುದು ಲಂಡನ್ನಿನ ಪತ್ರಿಕೆಯೊಂದರಲ್ಲಿ ಸೈಮನ್ ಕಂಡ, ಆತ್ಮಹತ್ಯೆ ಮಾಡಿಕೊಂಡ ಒಬ್ಬನ ಕುರಿತ ಪುಟ್ಟ ಸುದ್ದಿಯಿಂದ ಬಂದದ್ದು. ಆ ಸತ್ತವನನ್ನಾಗಲಿ ಅವನ ಮನೆಯವರನ್ನಾಗಲಿ ಯಾರು ಕೇಳಿದರು? ಹೀಗೆ ಹುಡುಕುತ್ತ ಹೋದರೆ ಬರೆಯುವವರೆಲ್ಲ ಕೈಕಟ್ಟಿ ಕೂರಬೇಕಾಗುತ್ತದೆ. ಕಥೆ ಬರೆಯುವವನು ಪಕ್ಕದ ಮನೆಯ ಜಗಳವನ್ನು ಕಿಟಕಿಯಿಂದ ಕೇಳಿದವನೇ ತಾನೆ.

ಆದರೆ ಒಂದು ಗೆರೆ ಇದೆ ಎಂದು ನನಗನ್ನಿಸುತ್ತದೆ, ಅದು ಅಲ್ಲಲ್ಲಿ ಅಳಿಸಿದ್ದರೂ. ರಾಬಿನ್ಸನ್‌ನ ಪದ್ಯ ಇವತ್ತಿಗೂ ಅವನ ಪುಸ್ತಕದಲ್ಲಿ ಅವನು ಬರೆದ ಹಾಗೇ ಇದೆ. ಸೈಮನ್ ಅದರ ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿದ, ಕಟ್ಟಿದ್ದು ತಾನು ಎಂದ. ವಿಲ್ಸನ್ ಮಾಡಿದ್ದು, ಹಾಡಿದವರ ಆ ದಿನದ ಉಸಿರಿನ ಮೇಲೇ ಡ್ರಮ್ಮು ಬಾರಿಸಿ, ಇದನ್ನೂ ಅವರೇ ಮಾಡಿದರು ಎಂದು ಜಗತ್ತಿಗೆ ಹೇಳಿದ್ದು. ಮೂಲ ರೂಪವೂ 1964ರ ತಟ್ಟೆಯಲ್ಲಿ ಉಳಿದಿದೆಯಲ್ಲ ಎಂದು ನೀವು ಕೇಳಬಹುದು. ಉಳಿದಿದೆ, ಅದೇ ಪುಣ್ಯ. ಆಕೆಯ ಪದ್ಯದ ಮೂಲ ಹಾಳೆಯನ್ನು ನಾನು ಪ್ರೆಸ್ಸಿನಿಂದ ವಾಪಸ್ ಪಡೆಯಲೇ ಇಲ್ಲ.

ಕೇಳಿಸಿಕೊಳ್ಳದೆ ಉಳಿದವನು ಇನ್ನೊಬ್ಬರನ್ನು ಕೇಳುವುದನ್ನು ಕಲಿಯುತ್ತಾನೆ ಎಂದು ಹೇಳಲೂ ಆಗುವುದಿಲ್ಲ. ಅದೇ ಲಂಡನ್ ದಿನಗಳಲ್ಲಿ ಸೈಮನ್, ಮಾರ್ಟಿನ್ ಕಾರ್ತಿ ಎಂಬ ಇಂಗ್ಲಿಷ್ ಗಾಯಕನಿಂದ ‘ಸ್ಕಾರ್ಬರೋ ಫೇರ್’ ಎಂಬ ಹಳೆಯ ಜನಪದ ಹಾಡನ್ನು ಅವನದೇ ಗಿಟಾರಿನ ಜೋಡಣೆಯೊಂದಿಗೆ ಕಲಿತ. 1966ರ ಕೊನೆಗೆ ಅದು ಜೋಡಿಯ ಮುಂದಿನ ಎಲ್‌ಪಿಯಲ್ಲಿ ಬಂತು. ಕಾರ್ತಿಯ ಹೆಸರಿರಲಿಲ್ಲ. ಮುನಿಸು ಮೂವತ್ತಕ್ಕೂ ಹೆಚ್ಚು ವರ್ಷ ಉಳಿಯಿತು. 2000ದಲ್ಲಿ ಲಂಡನ್ನಿನ ಕಾರ್ಯಕ್ರಮವೊಂದಕ್ಕೆ ಸೈಮನ್ ಕಾರ್ತಿಯನ್ನು ಕರೆದು, ಇಬ್ಬರೂ ಕೂಡಿ ಆ ಹಾಡು ಹಾಡಿದ ಮೇಲೆ ಮುಗಿಯಿತು. ಮೂವತ್ತು ವರ್ಷ ಯಾಕೆ ಬೇಕಾಯಿತು ಎಂದು ಬೇರೆಯವರನ್ನು ಕೇಳುವ ಸ್ಥಿತಿಯಲ್ಲಿ ನಾನಿಲ್ಲ.

ಮತ್ತೆ ಮರುಮುದ್ರಣದ ಮಾತಿಗೆ ಬರುತ್ತೇನೆ. ಹಳೆಯ ಎಲ್‌ಪಿಯನ್ನು ಹೊಸದಾಗಿ ಹೊರತರುವವರ ಶ್ರದ್ಧೆ ಕಂಡರೆ ಗೌರವ ಬರುತ್ತದೆ. ಅರವತ್ತು ವರ್ಷದ ಮಾಸ್ಟರ್ ಟೇಪನ್ನು ಹುಡುಕಿ ತೆಗೆಯುತ್ತಾರೆ. ಮೂಲದಲ್ಲಿಲ್ಲದ ಒಂದು ಸದ್ದೂ ಸೇರಬಾರದು, ಇದ್ದ ಒಂದು ಉಸಿರೂ ಹೋಗಬಾರದು ಎಂದು ಒದ್ದಾಡುತ್ತಾರೆ. ಕೊಳ್ಳುವವರೂ ಅಷ್ಟೇ ಪಟ್ಟು ಹಿಡಿಯುತ್ತಾರೆ. 2022ರಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಮೇಲೆ ದೊಡ್ಡ ಗದ್ದಲವಾಯಿತು. ಅವರ ದುಬಾರಿ ಮರುಮುದ್ರಣಗಳು ಟೇಪಿನಿಂದ ನೇರವಾಗಿ, ಡಿಜಿಟಲ್ ಸೋಂಕಿಲ್ಲದೆ ತಯಾರಾಗುತ್ತವೆ ಎಂದು ಗಿರಾಕಿಗಳು ನಂಬಿದ್ದರು. ನಡುವೆ ಒಂದು ಡಿಜಿಟಲ್ ಹಂತ ವರ್ಷಗಳಿಂದ ಇತ್ತು ಎಂದು ಹೊರಬಿತ್ತು. ಮೊಕದ್ದಮೆಯಾಯಿತು, ರಾಜಿಯಾಯಿತು. ತಮಾಷೆಯೆಂದರೆ, ಅವೇ ತಟ್ಟೆಗಳ ‘ಅಪ್ಪಟ’ ದನಿಯನ್ನು ಹೊಗಳಿದ್ದ ಪಳಗಿದ ಕಿವಿಗಳಿಗೆ ಅಷ್ಟು ದಿನ ವ್ಯತ್ಯಾಸ ತಿಳಿದಿರಲಿಲ್ಲ. ಕಿವಿಗೆ ತಿಳಿಯದ ಮೇಲೆ ಮೋಸ ಎಲ್ಲಿ ಎಂದು ಕೆಲವರು ಕೇಳಿದರು. ನಾನು ಗಿರಾಕಿಗಳ ಪಕ್ಷ. ಹಾಡು ಚೆನ್ನಾಗಿ ಕೇಳಿಸಿತು ಎಂಬುದು, ನಿಜ ಹೇಳಿದೆ ಎಂಬುದಕ್ಕೆ ಬದಲಿಯಾಗುವುದಿಲ್ಲ. ನನ್ನ ನಾಲ್ಕು ಸಾಲು ಚೆನ್ನಾಗಿದ್ದವು ಎಂಬುದೂ ಹಾಗೆಯೇ.

ಇಷ್ಟೆಲ್ಲ ಜತನದಿಂದ ನನ್ನ ಮನೆಗೆ ತಂದುಕೊಟ್ಟದ್ದು ಏನನ್ನು ಎಂದು ಯೋಚಿಸಿದಾಗ ನಗು ಬಂತು. ಕೂದಲೆಳೆಯಷ್ಟೂ ಬದಲಾಗದಂತೆ ಕಾಪಾಡಿಕೊಂಡು ಬಂದ ಈ ‘ಮೂಲ’, ಹಾಡಿದವರನ್ನು ಕೇಳದೆ ಬದಲಾಯಿಸಿದ ಒಂದು ಹಾಡು. ಆ ದಿನ ತೋರದ ಮರ್ಯಾದೆಯನ್ನು ಆ ತಪ್ಪಿಗೇ ಈಗ ತೋರುತ್ತಿದ್ದೇವೆ. ಬಹುಶಃ ಇದರಲ್ಲಿ ತಪ್ಪೇನಿಲ್ಲ. ಇವತ್ತಿನ ಕಂಪ್ಯೂಟರುಗಳಲ್ಲಿ ಆ ತಡವರಿಕೆಯನ್ನು ಯಾರೂ ಗುರುತಿಸಲಾರದಂತೆ ಸರಿಪಡಿಸಿಬಿಡಬಹುದು. ಹಾಗೆ ಮಾಡಿದರೆ, ಅಲ್ಲಿ ಒಬ್ಬರು ಇನ್ನೊಬ್ಬರನ್ನು ಕೇಳಲಿಲ್ಲ ಎಂಬುದಕ್ಕೆ ತಟ್ಟೆಯಲ್ಲಿ ಉಳಿದಿರುವ ಒಂದೇ ಸಾಕ್ಷಿಯೂ ಹೋಗುತ್ತದೆ. ಆಮೇಲೆ ಹಾಡು ಇನ್ನೂ ಚೆನ್ನಾಗಿರುತ್ತದೆ, ನಾವು ಇನ್ನೂ ಸುಖವಾಗಿ ಕೇಳುತ್ತೇವೆ. ಹೆಂಡತಿಯ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಎಲ್ಲೋ ಇರಬೇಕು. ಆ ಎಡವಿದ ಹೆಜ್ಜೆಯನ್ನು ಎಡವಿದ ಹಾಗೆಯೇ ಕೇಳಲು ನಾನು ದುಡ್ಡು ಕೊಟ್ಟೆ. ಅವಳು ಇದನ್ನೂ ಒಪ್ಪುವುದಿಲ್ಲ, ಗೊತ್ತು.

ಈ ಲೇಖನ ಬರೆಯಲು ಕೂತಾಗ ಮೊದಲ ಕರಡಿನಲ್ಲಿ ಬಸ್‌ಸ್ಟ್ಯಾಂಡಿನ ಪದ್ಯದ ಕಥೆ ಸರಾಗವಾಗಿ ಬಂತು. ಬರೆದು ಮುಗಿಸಿ, ತೃಪ್ತಿಯಿಂದ ಓದಿಕೊಳ್ಳುವಾಗ ಹೊಳೆಯಿತು, ಮತ್ತೆ ಅದೇ ಕೆಲಸ ಮಾಡುತ್ತಿದ್ದೇನೆ ಎಂದು. ಹಳೆಯ ಗೆಳೆಯರ ಮೂಲಕ ಆಕೆಯ ನಂಬರು ಸಿಕ್ಕಿತು. ಎರಡು ದಿನ ಬಿಟ್ಟು ಫೋನ್ ಮಾಡಿದೆ. ಮಕ್ಕಳು, ಮಂಡಿನೋವು, ಊರಿನ ಮಳೆ ಎಲ್ಲ ಮಾತಾಡಿದ ಮೇಲೆ ವಿಷಯ ಹೇಳಿ, ಬರೆಯಬಹುದಾ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ನಕ್ಕಳು.

‘ಬರಿ ಮಾರಾಯ. ನನ್ನ ಹೆಸರು ಹಾಕಬೇಡ. ಕೊನೆಗೆ ನಿನ್ನ ನಾಲ್ಕು ಸಾಲು ಸೇರಿಸಬೇಡ.’